ಬೀಗದ ಕೈ

ಬೀಗದ ಕೈ ನನ್ನ ಹತ್ತಿರ ಇರುತ್ತದೆ.
ಅದೇ ನನ್ನ ಹುದ್ದೆ. ಸಂಬಳವಿಲ್ಲ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದಾಟಿ ಮೂರನೇ ಓಣಿ,
ಚರಂಡಿಗೆ ಹಾಸಿದ ಚಪ್ಪಡಿಯ ಆಚೆ
ಸುಣ್ಣ ಉದುರುವ ಸಮುದಾಯ ಭವನ.
ಹೆಸರೇನೋ ದೊಡ್ಡದು. ಇರುವುದು ಒಂದು ಹಜಾರ, ಒಂದು ಕೋಣೆ,
ಸ್ವಿಚ್ಚು ಹಾಕಿದ ಮೇಲೂ ಮೂರು ಸಲ ಯೋಚಿಸುವ ಟ್ಯೂಬ್‌ಲೈಟು.

ಸಂಜೆ ಐದಕ್ಕೆ ಬಾಗಿಲು ತೆಗೆದರೆ
ಮೊದಲು ಒಳಗೆ ಬರುವುದು ವಾಸನೆ,
ಬೆಂದ ಗೂಡಿನದು, ಸತ್ತ ಹುಳುವಿನದು,
ಇಲ್ಲಿ ಹುಟ್ಟಿದವರ ಮೂಗಿಗೆ ಗೊತ್ತೇ ಆಗದ್ದು.
ಆಮೇಲೆ ಮಕ್ಕಳು.
ಮನೆಯೆಂದರೆ ಅವರಿಗೆ ಒಲೆ, ಬಾನಿ, ತಿರುಗುವ ಚರಕ;
ಪುಸ್ತಕ ಬಿಚ್ಚಲು ಒಣಗಿದ ಜಾಗವಿಲ್ಲ.
ಗೋಡೆಗೊರಗಿ ಮಗ್ಗಿ ಒಪ್ಪಿಸುತ್ತಾರೆ,
ಹದಿಮೂರರ ಮಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಎಡವುತ್ತಾರೆ.

ಏಳರ ಮೇಲೆ ದೊಡ್ಡವರು.
ಮುನಿಯಲ್ಲಮ್ಮನ ವಿಧವಾ ವೇತನದ ಕಾಗದ
ಎಂಟು ಮಡಿಕೆಯಾಗಿ ಎಲೆಯಡಿಕೆ ಚೀಲದಿಂದ ಹೊರಬರುತ್ತದೆ.
ಮೂಲೆಯಲ್ಲಿ ಸುಣ್ಣದ ಬೆರಳಿನ ಗುರುತು,
ಸರ್ಕಾರದ ಮೊಹರಿಗಿಂತ ಸ್ಪಷ್ಟ.
ಚಿನ್ನಪಾಪಯ್ಯ ಸುಮ್ಮನೆ ಬರುತ್ತಾನೆ,
ಫ್ಯಾನಿನ ಕೆಳಗೆ ಕೂರುತ್ತಾನೆ, ಎಂಟೂವರೆಗೆ ಏಳುತ್ತಾನೆ.
ಕೇಳಿದರೆ, "ಏನಿಲ್ಲಪ್ಪಾ, ಹಿಂಗೇ."
ಅದೂ ಒಂದು ಅರ್ಜಿಯೇ ಎಂದು ತಿಳಿಯಲು
ನನಗೆ ಎರಡು ವರ್ಷ ಹಿಡಿಯಿತು.

ಹೋದ ತಿಂಗಳು ಜೈಬುನ್ನಿಸಾ ಬಂದಳು,
ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ಕದ್ದವಳ ಹಾಗೆ.
ರೇಷನ್ ಅಂಗಡಿಯ ಮಿಷನ್ನು ಅವಳನ್ನು ಒಪ್ಪಲಿಲ್ಲವಂತೆ.
ಹೆಬ್ಬೆಟ್ಟು, ತೋರುಬೆರಳು, ಕಿರುಬೆರಳು, ಹತ್ತೂ ಇಟ್ಟಳಂತೆ,
ಹತ್ತು ಸಲವೂ ಕೆಂಪು ದೀಪ.
ಇಪ್ಪತ್ತೆರಡು ವರ್ಷ ಕುದಿನೀರಿನಲ್ಲಿ ಎಳೆ ಹುಡುಕಿದ ಬೆರಳು
ತೊಳೆದ ತಟ್ಟೆಯ ಹಾಗೆ ನುಣ್ಣಗಿವೆ.
ಗೆರೆಗಳೆಲ್ಲ ಯಾರದೋ ಸೀರೆಗೆ ಹೋಗಿವೆ.
"ನಾನು ನಾನಲ್ವಂತೆ, ಭಾಯ್," ಎಂದು ನಕ್ಕಳು.
ಮುನಿಯಲ್ಲಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು.

ಅರ್ಜಿ ಬರೆದೆವು.
ಮಾರನೆಯ ದಿನ ಅದೇ ಥರದ ಬೆರಳಿನ ಹದಿನಾಲ್ಕು ಹೆಂಗಸರು.
ಒಂದೇ ಓಣಿಯಲ್ಲಿ ಇಷ್ಟು ಜನ ಇಲ್ಲವಾಗಿದ್ದಾರೆಂದು
ಬೀಗದ ಕೈ ಇಟ್ಟುಕೊಂಡವನಿಗೂ ಗೊತ್ತಿರಲಿಲ್ಲ.
ಹೆಬ್ಬೆಟ್ಟಿನ ಚೌಕಕ್ಕೆ ಶಾಯಿ ಒತ್ತಿದರೆ
ಮೂಡುವುದು ಬರೀ ನೀಲಿ ಮಚ್ಚೆ.
ಒಂಬತ್ತನೇ ಕ್ಲಾಸಿನ ತಸ್ಮಿಯಾ ನೋಡುತ್ತಾ ನಿಂತಿದ್ದಳು,
ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದಳು: ಜೈ.
"ಇಲ್ಲಿಂದ ಶುರು ಮಾಡು, ಖಾಲಾ."
ಜೈಬುನ್ನಿಸಾ ಬಗ್ಗಿ ನೋಡಿದಳು.
ಬೆಂದ ಗೂಡಿನ ಮೇಲೆ ಎಳೆಯ ತುದಿ ಹುಡುಕುವಾಗ
ಹೇಗೆ ಕಣ್ಣು ಕಿರಿದು ಮಾಡುತ್ತಾಳೋ ಹಾಗೆ.
"ತುದಿ ಸಿಕ್ಕರೆ ಸಾಕು," ಎಂದಳು,
"ಮಿಕ್ಕಿದ್ದು ತಾನೇ ಬರುತ್ತೆ."

ತಾಲ್ಲೂಕು ಕಚೇರಿಯಿಂದ ಉತ್ತರ ಇನ್ನೂ ಬಂದಿಲ್ಲ.
ಕೋಣೆಯಲ್ಲೊಂದು ನೀಲಿ ಡ್ರಮ್ಮು ಇಟ್ಟಿದ್ದೇವೆ.
ಇದ್ದವರು ಒಂದು ಪಾವು ಅಕ್ಕಿ ಹಾಕುತ್ತಾರೆ, ರಾಗಿಯೂ ಬೀಳುತ್ತದೆ,
ಬೆರೆತದ್ದನ್ನು ಹೆಂಗಸರು ಬೈಯುತ್ತಾ ಬೇರೆ ಮಾಡುತ್ತಾರೆ.
ಹಾಕಿದವರ ಲೆಕ್ಕವಿಲ್ಲ, ತೆಗೆದವರ ಹೆಸರು ರಿಜಿಸ್ಟರಿನಲ್ಲಿಲ್ಲ.
ಡ್ರಮ್ಮಿಗೆ ಬೀಗವೂ ಇಲ್ಲ.

ಒಂಬತ್ತಾಯಿತು. ಬಾಗಿಲು ಹಾಕಬೇಕು.
ನೆಲದ ಮೇಲೆ ಹದಿನೈದು ಸೊಟ್ಟ ಸಹಿಗಳು,
ತುಳಿಯದೆ ದಾಟುವುದು ಕಷ್ಟ.
ಚಿನ್ನಪಾಪಯ್ಯ ಇವತ್ತು ಇನ್ನೂ ಎದ್ದಿಲ್ಲ.
ಇರಲಿ, ಇನ್ನೊಂದು ಹತ್ತು ನಿಮಿಷ.