ಹತ್ತು ಕೊಂಬಿನ ಲೆಕ್ಕ

ಮುದಗಲ್ಲಿನಿಂದ ಎರಡು ಬಸ್ಸು ಬದಲಿಸಿ
ಫಾದರ್ ಇನ್ನಾಸಪ್ಪ ಕಿನ್ನಾಳಕ್ಕೆ ತಂದದ್ದು
ನಾಲ್ಕು ಮಡಿಕೆಯ ಒಂದು ಬಣ್ಣದ ಜೆರಾಕ್ಸು.
'ಸಾವಿರ ವರ್ಷದ ಹಿಂದೆ ಯಾವನೋ ಸನ್ಯಾಸಿ
ಕರುವಿನ ಚರ್ಮದ ಮೇಲೆ ಬರೆದದ್ದು, ಹುಲಿಗೆವ್ವ,
ಲೋಕದ ಕಡೇ ದಿನ.
ಬಾಗಿಲಷ್ಟು ಹಲಗೆಯ ಮೇಲೆ ಮಾಡಿಕೊಡು.'

ಸಮುದ್ರದಿಂದ ಮೃಗ ಏಳುತ್ತಿದೆ.
ನಾನು ಸಮುದ್ರ ಕಂಡವಳಲ್ಲ,
ಅವನೂ ಕಂಡಿರಲಿಕ್ಕಿಲ್ಲ, ನೀರಿಗೆ
ಬಾಚಣಿಗೆಯಲ್ಲಿ ಗೀರಿದಂಥ ಗೆರೆ.
ಮೈ ಚಿರತೆಯದು. ಪಾದ ಕರಡಿಯದು
(ಕರಡಿ ನಮ್ಮ ಗುಡ್ಡದ್ದು, ಅವನಿಗಿಂತ ಚೆನ್ನಾಗಿ ಬಲ್ಲೆ).
ತಲೆ ಏಳು, ಕೊಂಬು ಹತ್ತು.

ಇಲ್ಲಿ ಸಿಕ್ಕಿಕೊಂಡೆ.
ತಲೆಗೊಂದು ಕೊಟ್ಟರೆ ಮೂರು ಉಳಿಯುತ್ತವೆ,
ಜೋಡಿ ಕೊಟ್ಟರೆ ಎರಡು ತಲೆ ಬೋಳು.
ಹಾಳೆಗೆ ಕಣ್ಣು ಹಚ್ಚಿ ಎಣಿಸಿದೆ. ಅವನೂ ಒದ್ದಾಡಿದ್ದಾನೆ:
ಉಳಿದ ಮೂರನ್ನೂ ನಡುತಲೆಗೇ ತುರುಕಿ
ಜಾಗ ಸಾಲದೆ ಒಂದನ್ನು ಚೌಕಟ್ಟಿನ ಆಚೆ ಬಿಟ್ಟಿದ್ದಾನೆ.
ನಕ್ಕೆ.
ಅಲ್ಲಿಂದ ಅವನು ನಮ್ಮ ಓಣಿಯವನಾದ.

ಆ ನಡುತಲೆಗೆ ಮಾತ್ರ ಮುಖವಿಲ್ಲ, ಬರೀ ಬಿಳಿ.
'ಇಲಿ ಕಡಿಯಿತೇನು?'
'ಓದಿದವರು. ಹೆದರಿ ಉಗುರಲ್ಲಿ ಕೆರೆದಿದ್ದಾರೆ.
ಒಂದು ತಲೆಗೆ ಸಾವಿನ ಗಾಯವಾಗಿ
ಆಮೇಲೆ ಮಾಯಿತು ಅಂತ ಪುಸ್ತಕದಲ್ಲೂ ಇದೆ.
ನೀನು ಮಾಯಿಸು.'

ಗೋಣಿನಾರು ಕುಟ್ಟಿ ಹುಣಸೆಬೀಜದ ಅಂಟಲ್ಲಿ
ಕಿಟ್ಟ ಕಲಸಿದೆ.
ಆಕಾಶಕ್ಕೆ ಅವನವೇ ಪಟ್ಟೆ, ಹಳದಿ, ಕೆಂಪು, ಕಡುನೀಲಿ,
ಇಳಕಲ್ ಸೀರೆ ಒಣಹಾಕಿದ ಹಾಗೆ.
ಕೊಂಬಿಗೊಂದು ಕಿರೀಟ, ಕಿರೀಟಕ್ಕೆ
ತವರ ಅರೆದ ಲಾಜವರ.
ಕಣ್ಣು ಕಡೆಗೆ. ಎದುರು ಕೂರಬೇಡ, ಓರೆಗೆ ಕೂರು,
ಅಪ್ಪ ಕಲಿಸಿದ್ದು ಅಷ್ಟೇ.
ಅಳಿಲ ಕೂದಲಿನ ಕುಂಚ, ತುದಿಗೆ ಕಾಡಿಗೆ.
ಹನ್ನೆರಡು ಕಣ್ಣು ಒಂದು ಮಧ್ಯಾಹ್ನದಲ್ಲಿ ಮುಗಿದವು.
ಉಳಿದೆರಡಕ್ಕೆ ಮೂರು ದಿನ ಹಿಡಿಯಿತು.
ಹಲ್ಲು ಹಾಕಲಿಲ್ಲ, ಕೋಪ ಹಾಕಲಿಲ್ಲ,
ಸಾಲ ಕೊಡಲು ಬಂದವನ ನಗು ಹಾಕಿದೆ.

ಈಸ್ಟರ್ ಮುಗಿದ ಮೇಲೆ ಬಾಕಿ ದುಡ್ಡಿಗೆ ಮುದಗಲ್ಲಿಗೆ ಹೋದೆ.
ಉಪದೇಶಿ ಚೌರಪ್ಪ ಮಾತಾಡದೆ ಹಲಗೆ ತೋರಿಸಿದ.
ನಡುತಲೆಯ ಕಣ್ಣೆರಡೂ ಇಲ್ಲ.
ಉಗುರಿನ ಗೀರು, ನನ್ನ ಸೊಂಟದೆತ್ತರಕ್ಕೆ,
ಯಾವುದೋ ಮಗುವಿನದು.
ಬಣ್ಣದ ಕೆಳಗಿನ ಕಿಟ್ಟ ಕಾಣುತ್ತಿತ್ತು, ಕಂದು.

ಚರ್ಮದ ಮೇಲೆ ಬರೆದವನು ಪಕ್ಕದಲ್ಲಿದ್ದಿದ್ದರೆ
ಅವನ ತೊಡೆ ಚಿವುಟುತ್ತಿದ್ದೆ.

'ಮತ್ತೆ ಮಾಯಿಸುತ್ತೀಯಾ?' ಅಂದರು ಫಾದರ್.
ಕುಂಚ ತಂದಿಲ್ಲ ಅಂದೆ.
ಸಂಚಿಯಲ್ಲಿತ್ತು.