ಹಾಜರಿ

ನವನಗರದ ಸ್ಟಾಪಿನಾಗ ಚಿಗರಿ ಬಸ್ಸಿನ ಗಾಜಿನ ಬಾಗಲಾ
ತೆರಕೊಳ್ಳೂದರಾಗ ಒಂಬತ್ತೂವರಿ.
ಮೊದಲನೇ ತಾಸು ಸಾರ್ವಜನಿಕ ನೀತಿ.
ಪಾವಟಿ ಮೇಡಮ್ಮಾರು ನಂಬರ ಕರೀತಾರ,
ಹೆಸರಲ್ಲ. ನಲವತ್ತೊಂದು.
ಓಡಿ ಬಂದ ಉಸಿರಿನಾಗ ನಾ 'ಪ್ರೆಸೆಂಟ್' ಅನ್ನೂದರಾಗ
ಅವರು ನಲವತ್ಮೂರಕ್ಕ ಹೋಗಿರ್ತಾರ.

ಮೊದಲ ದಿನಾ ಎಲ್ಲಾರೂ ತಮ್ಮ ತಮ್ಮ ಊರು ಹೇಳಿದ್ದರು.
ನಾ ಹುಬ್ಬಳ್ಳಿ ಅಂದೆ.
'ಹುಬ್ಬಳ್ಳಿಯೊಳಗ ಎಲ್ಲೆ?' ಅಂದಳು ಬಾಜೂಕಿನಾಕಿ.
'ಸ್ಟೇಷನ್ ಹತ್ರ.'
ಯಾವ ಸ್ಟೇಷನ್ ಅಂತ ಆಕಿ ಕೇಳಲಿಲ್ಲ.

ಸೆಟ್ಲಮೆಂಟ್ ಅನ್ನೂ ಶಬ್ದಕ್ಕ ನಮ್ಮ ಪುಸ್ತಕದಾಗ ನಾಕು ಅರ್ಥ:
ಜಮೀನಿಂದು, ವ್ಯಾಜ್ಯದ್ದು, ಗಂಡಾ ಹೆಂಡ್ತೀದು,
ಲೆಕ್ಕಾ ಚುಕ್ತಾ ಮಾಡೂದು.
ಐದನೇದು ನನ್ನ ಆಧಾರ್ ಕಾರ್ಡಿನ ಹಿಂದ ಐತಿ.

ಎರಡನೇ ವರ್ಷ ಇತಿಹಾಸದ ಪೇಪರಿನಾಗ ಅದು ಬಂತು,
ಒಂದೂವರಿ ಪ್ಯಾರಾ:
ಹುಟ್ಟಿನಿಂದಲೇ ಕಳ್ಳರೆಂದು ಕೆಲವು ಸಮುದಾಯಗಳನ್ನು ಘೋಷಿಸಿ,
ತಂತಿ ಬೇಲಿಯೊಳಗಿಟ್ಟು,
ದಿನಕ್ಕೆ ಇಂತಿಷ್ಟು ಸಲ ಹಾಜರಿ ಪಡೆಯುವ ಕಾಯಿದೆ.
'ಇದು ಪರೀಕ್ಷಾಕ್ಕ ಬರೂದಿಲ್ಲ,' ಅಂದ್ರು ಮೇಡಮ್, 'ರದ್ದಾಗೇದ.'
ಎಲ್ಲಾರೂ ಪುಟಾ ಹೊಳ್ಳಿಸಿದರು.
ನಂದು ಫ್ಯಾನಿನ ಗಾಳಿಗೆ ತಾನ ಹೊಳ್ಳಿತು.

ಮನಿಗೆ ಬಂದು ಆಯಿಗೆ ಓದಿ ಹೇಳಿದೆ, ಕಿವಿಯಾಗ ಒದರಿ.
ಹುಲಿಗೆವ್ವಾಯಿ, ಬಾಯಿ ತುಂಬ ಎಲಿ.
'ಒಂದೂವರಿ ಪ್ಯಾರಾ ಅಂದ್ರ ಎಷ್ಟುದ್ದ?'
ಬೆರಳಿನಾಗ ಅಳದು ತೋರಿಸಿದೆ.
'ಇಷ್ಟ?'
ಹೊರಗ ಹೋಗಿ ಎಲಿ ಉಗುಳಿ ಬಂದಳು.
'ನಾ ನಮ್ಮವ್ವನ ಟೊಂಕದ ಮ್ಯಾಲ ಇದ್ನಿ.
ಆಕಿ ಹೆಸರು ಕರದ್ರ ನಾ ಓ ಅಂತಿದ್ನಂತ.
ಜಮಾದಾರ ನಗತಿದ್ದನಂತ,
ಕೂಸಿಗೂ ಒಂದು ನಂಬರ ಬರಕೋರೀ ಅಂತ.'
ಹೇಳಿ ತಾನೂ ನಕ್ಕಳು. ನನಗ ನಗಿ ಬರಲಿಲ್ಲ,
ಅದಕ್ಕ ಆಕಿಗೆ ಸಿಟ್ಟು ಬಂತು.

ಈಗ ನನ್ನ ಹಾಜರಿ ನೂರಕ್ಕ ಎಪ್ಪತ್ತೊಂದು.
ಎಪ್ಪತ್ತೈದಿಲ್ಲಂದ್ರ ಪರೀಕ್ಷಾಕ್ಕ ಕೂಡಸೂದಿಲ್ಲ.
ಆಫೀಸಿನ ಚರಂತಯ್ಯನೋರು ಒಂದು ಅರ್ಜಿ ಕೊಟ್ಟಾರ:
'ಗೈರುಹಾಜರಿಗೆ ಕಾರಣ', ಎರಡು ಗೆರಿ ಜಾಗಾ.
'ಜ್ವರ ಅಂತ ಬರೀ ತಂಗಿ. ಎಲ್ಲಾರೂ ಜ್ವರಾನ ಬರೀತಾರ.'

ಗಣಪತಿ ಹಬ್ಬದಾಗ ಮೂರು ದಿನಾ,
ಎಲೆಕ್ಷನ್ ಮುಂದ ನಾಕು ದಿನಾ,
ಧಾರವಾಡದಾಗ ಯಾರದೋ ಮನಿ ಕೀಲಿ ಮುರದಾಗ ಎರಡು ದಿನಾ
ನಮ್ಮಣ್ಣನ ಕರಕೊಂಡು ಹೋಗಿದ್ರು.
ಮುಂಜಾಗ್ರತಾ ಕ್ರಮ.
ಅಂವಾ ಕೊರಿಯರ್ ಹಂಚತಾನ,
ಊರಾಗಿನ ಮನಿ ಬಾಗಲಾ ಎಲ್ಲಾ ಅವಂಗ ಗೊತ್ತು. ಅದ ತಪ್ಪು.
ಡಬ್ಬಿ ಒಯ್ದು ಸ್ಟೇಷನ್ನಿನ ಬಾಕಿನ ಮ್ಯಾಲ ಕುಂತು
ಇಪ್ಪತ್ನಾಕು ತಾಸು ಅನ್ನೂ ಕಲಮಿನ ಕೆಳಗ ಗೆರಿ ಎಳದೀನಿ.
ಗ್ವಾಡಿ ಗಡಿಯಾರ ನಿಂತಿತ್ತು.
ಪ್ಯಾದಿ ಕೇಳಿದಾ, 'ಏನ ಓದಾಕತ್ತೀ?'
'ಲಾ.'
'ಚಲೋ ಆತು ಬಿಡ,' ಅಂದು ಚಾ ತರಿಸಿದಾ.
ಖರೇನ ಚಲೋ ಮನಷ್ಯಾ.

ಈ ಸಲದ ಅಸೈನ್‌ಮೆಂಟು:
ರದ್ದಾದ ಒಂದು ಕಾಯಿದೆ ಆರಿಸಿಕೊಂಡು
ಅದು ನಿಜವಾಗಿ ಹೋಗಿದೆಯೇ ಎಂದು ಅಳೆಯಿರಿ.
ಸೂಚಕಗಳನ್ನು ಪಟ್ಟಿ ಮಾಡಿರಿ.
ಬಾಜೂಕಿನಾಕಿ ಸೈಕಲ್ಲಿನ ಬಿಲ್ಲೆ ತೆರಿಗಿ ಆರಿಸ್ಯಾಳ.

ಸಂಜೀಕ ರೈಲ್ವೆ ವರ್ಕ್‌ಶಾಪಿನ ಭೋಂಗಾ ಆದ್ರ
ಆಯಿ ಏನ ಮಾಡಾಕತ್ತಿದ್ರೂ ಬಿಟ್ಟು ಎದ್ದು ನಿಂದರತಾಳ.
ಬ್ಯಾರೆ ಏನೂ ಕೇಳೂದಿಲ್ಲ ಆಕಿಗೆ, ಅದು ಕೇಳತೈತಿ.
ಸೆರಗು ಸರಿ ಮಾಡಿಕೊಂಡು ಬಾಗಲಕ್ಕ ಹೋಗಿ
ಓಣಿ ನೋಡತಾಳ.
ಯಾರೂ ಇರೂದಿಲ್ಲ.
ಬಂದು ಮತ್ತ ಅಕ್ಕಿ ಆರಸಾಕ ಕುಂದರತಾಳ.

ಸೂಚಕ ಒಂದು, ಅಂತ ಬರದೆ.
ಮುಂದ ಪೆನ್ನು ನಡೀಲಿಲ್ಲ.

ಅರ್ಜಿ ತಗೊಂಡೆ. ಎರಡು ಗೆರಿ ಸಾಲಲಿಲ್ಲ,
ಅಂಚಿನಗುಂಟ ಬರದೆ, ಹೊಳ್ಳಿಸಿ ಹಿಂದ ಬರದೆ,
ವಿಳಾಸ ಪೂರಾ ಬರದೆ.
ಚರಂತಯ್ಯನೋರು ಓದಲಿಲ್ಲ. ಹಿಂದ ಮುಂದ ನೋಡಿ,
ಶಿಕ್ಕಾ ಎತ್ತಿ ಹಿಡದು,
'ಇಷ್ಟುದ್ದ ಜ್ವರಾ ಏನವಾ ತಂಗಿ?' ಅಂದ್ರು.