ಹದಿನೆಂಟನೇ ಚೌಕಟ್ಟು

ಮೊದಲ ಸಲ ಓಡಿಸಿದಾಗ
ಮರಳು ಅಲುಗಲೇ ಇಲ್ಲ.
ಮೂರು ವರ್ಷದ ಅಳತೆ,
ಶಾಪೋರಾ ಅಳಿವೆಯ ತಳವೆಲ್ಲ
ಬಲೆಗಣ್ಣಿನ ಹಾಗೆ ಹೆಣೆದ ಮೇಲ್ಮೈಯಾಗಿ
ಕಡುನೀಲಿಯಿಂದ ಹಳದಿಗೆ ಏರಿ ನಿಂತಿತ್ತು.
ಲೂಪು ತಿರುಗಿತು, ತಿಂಗಳ ಹೆಸರು ಬದಲಾಯಿತು,
ದಿಬ್ಬ ಮಾತ್ರ ಇದ್ದಷ್ಟೇ ಎತ್ತರ.

ಮಿಂಗೇಲ್ ಕುರ್ಚಿಯ ತುದಿಯಲ್ಲಿ ಕೂತಿದ್ದ,
ಒದ್ದೆ ಚಡ್ಡಿ ತಾಗೀತೆಂದು.
ಅಳತೆಗೆ ದೋಣಿ ಕೊಟ್ಟವ, ಡೀಸೆಲ್ ಬೇರೆ;
ನನ್ನ ಯಂತ್ರ ಆಳ ಹೇಳಿದ ಮೇಲೂ
ಬಿದಿರಿನ ಗಳ ಇಳಿಸಿ
ಒಂದು ಸಲ ತಾನೂ ಕೇಳಿ ನೋಡುವವ.
'ಇದು ಸತ್ತ ಮೀನು' ಎಂದ.
ಆಮೇಲೆ ಎದ್ದು ಪರದೆಯ ಅಂಚಿಗೆ ಬೆರಳಿಟ್ಟ:
'ಮರಳು ನಿಂತಿದೆ, ಈ ಅಂಕಿಗಳು ಓಡ್ತಿವೆ ನೋಡು.'

ಹೌದಲ್ಲ.
ಅಕ್ಷ ಪ್ರತಿ ಚೌಕಟ್ಟಿಗೂ ಹಿಗ್ಗಿ ಕುಗ್ಗಿ
ಬೆಳೆದದ್ದನ್ನೂ ಸವೆದದ್ದನ್ನೂ ಅದೇ ಪೆಟ್ಟಿಗೆಗೆ ಹೊಂದಿಸುತ್ತಿತ್ತು.
ಹಬ್ಬಕ್ಕೊಂದು ಹೊಸ ಅಂಗಿ ಹೊಲಿಸಿ ತೊಡಿಸಿ,
ಅಂಗಿ ಸರಿಯಾಗೇ ಇದೆ,
ಮಗು ಬೆಳೆದಿಲ್ಲ ಅಂದ ಹಾಗೆ.

ಒಂದು ಸಾಲು ಬರೆದೆ:
ಕೆಳಗೆ ಒಂಬತ್ತು ಮೀಟರು, ಮೇಲೆ ಸೊನ್ನೆ. ಕದಲಬೇಡ.
ಕದಲದ್ದೊಂದು ಸಿಕ್ಕಿದ್ದೇ ತಡ
ಉಳಿದದ್ದೆಲ್ಲ ಕದಲಿತು.
ಮೊರ್ಜಿಯ ಕಡೆಯಿಂದ ಮರಳಿನ ನಾಲಿಗೆ
ತಿಂಗಳು ತಿಂಗಳು ಚಾಚಿ
ನೀರಿನ ದಾರಿಯನ್ನು ಕೋಟೆಯ ಬುಡಕ್ಕೆ ನೂಕಿತು.

ನೋಟದ ಕೋನ ನಾನಿಟ್ಟದ್ದು ಆಕಾಶದಿಂದ, ಹದ್ದಿನಂತೆ.
ಅವನು ಬಾಗಿ ನೋಡಿದ, ಕತ್ತು ಓರೆ ಮಾಡಿ ನೋಡಿದ.
'ನಾವು ಮನೆಗೆ ಬರೋದು ಹೊರಗಿನಿಂದಲ್ವಾ?'
ತಿರುಗಿಸಿದೆ. ಕಡಲ ಕಡೆಯಿಂದ, ನೀರಿನ ಮಟ್ಟಕ್ಕೆ.
ಈಗ ಅವನ ಬಲಗೈ
ಇಲ್ಲದ ಚುಕ್ಕಾಣಿ ಹಿಡಿದು
ಚೌಕಟ್ಟು ಚೌಕಟ್ಟಿಗೂ ವಾಲತೊಡಗಿತು.

ಹದಿನೆಂಟಕ್ಕೆ, 'ನಿಲ್ಲಿಸು.'
ಯಾವ ತಿಂಗಳು?
ಜುಲೈ.
'ಜುಲೈಯಲ್ಲಿ ನಾವು ಹೊರಗೆ ಹೋಗಿದ್ದೆವಾ?'

ಹೋಗಿರಲಿಲ್ಲ. ದೋಣಿಗಳೆಲ್ಲ ದಡದಲ್ಲಿ
ಮಡಲು ಹೊದ್ದು ಮಲಗಿದ್ದವು.
ಚೌಕಟ್ಟು ಮೂವತ್ತಾರು, ನನ್ನ ಬಳಿ ಕಡತ ಮೂವತ್ತು.
ಮೇಯನ್ನೂ ಆಗಸ್ಟನ್ನೂ ಸ್ಕ್ರಿಪ್ಟಿನ ಕೈಗಿತ್ತು
ನಡುವಿನದನ್ನು ನೀನೇ ಹೇಳು ಎಂದಿದ್ದೆ.
ಹೇಳಿತ್ತು,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಆ ಜುಲೈಯಲ್ಲಿ ನಿಷೇಧ ಮೀರಿ ಹೋದದ್ದು
ಅವನ ಭಾವ ರೋಕ್‌ನ ದೋಣಿ.
ಮರಳಿಗೆ ಹೊಡೆದು ಮಗುಚಿತು.
ಈಜಿ ಬಂದವರು ಮೂವರಲ್ಲಿ ಇಬ್ಬರು.
'ಇಲ್ಲಿ' ಎಂದ ಮಿಂಗೇಲ್.
ಉಗುರಿನ ಕೆಳಗೆ ನನ್ನ ಪರದೆ
ಆರು ಮೀಟರು ನೀರು ತೋರಿಸುತ್ತಿತ್ತು,
ಕಡುನೀಲಿ, ನಿಶ್ಚಿಂತೆ.

ರಾತ್ರಿ ಆರೂ ತಿಂಗಳು ಅಳಿಸಿದೆ.
ಜೂನ್ ಬಂದಾಗ ಈಗ ಮೇಲ್ಮೈ ಇಲ್ಲ.
ಮೂರು ಗೆರೆ, ಅಂಕಿಗಳು, ತಿಂಗಳ ಹೆಸರು,
ನಡುವೆ ಖಾಲಿ ಪೆಟ್ಟಿಗೆ.
ಹದಿನೆಂಟನೆಯದನ್ನು ಮಾತ್ರ, ಯಾರಿಗೂ ಹೇಳದೆ,
ಉಳಿದವಕ್ಕಿಂತ ಎರಡು ಸೆಕೆಂಡು ಹೆಚ್ಚು ನಿಲ್ಲಿಸಿದೆ.

ಪಣಜಿಯ ಸಭೆಯಲ್ಲಿ
ಆ ಎರಡು ಸೆಕೆಂಡಿಗೆ
ಯಾರೋ ಎದ್ದು ಹೋಗಿ
ಪ್ರೊಜೆಕ್ಟರಿನ ತಂತಿ ಅಲುಗಾಡಿಸಿದರು.